ಅರ್ಧ ಸೆಸಿನೊ

ಮಾರ್ಚ್ 4, 1672

ಬೆಳಿಗ್ಗೆ ಚೌಕದಲ್ಲಿ ತುತ್ತೂರಿ ಊದಿ ದೊರೆಯ ಅಪ್ಪಣೆ ಓದಿದರು. ಹಳೆಯ ಸೆಸಿನೊ ನಾಣ್ಯ ಮುಂದಿನ ತಿಂಗಳ ಸಂತ ಮಾರ್ಕನ ಹಬ್ಬದ ನಂತರ ನಡೆಯುವುದಿಲ್ಲ. ಅಷ್ಟರೊಳಗೆ ಟಂಕಸಾಲೆಗೆ ತಂದುಕೊಟ್ಟವರಿಗೆ ಮೂರು ಹಳೆಯದಕ್ಕೆ ಒಂದು ಹೊಸದು. ಅಂಚು ಕೊರೆದ, ತುಂಡು ಮಾಡಿದ ನಾಣ್ಯ ಯಾರ ಮನೆಯಲ್ಲಿ ಬಚ್ಚಿಟ್ಟದ್ದು ಸಿಕ್ಕರೂ ಅವರ ಕೈ ಹಿಂದಕ್ಕೆ ಕಟ್ಟಿ ಹಗ್ಗದಿಂದ ಮೂರು ಸಲ ಎತ್ತಿ ಕೆಡವಲಾಗುವುದು.

ರೊಟ್ಟಿ ಅಂಗಡಿಯವನು ಹಬ್ಬದವರೆಗೆ ಕಾಯಲಿಲ್ಲ, ಇವತ್ತೇ ಹಳೆಯದನ್ನು ಹಳೆಯ ಬೆಲೆಗೆ ಮುಟ್ಟುವುದಿಲ್ಲ ಎಂದ. ಸಾಲಿನಲ್ಲಿ ನನ್ನ ಮುಂದಿದ್ದ, ನಮ್ಮ ಅನಾಥಾಲಯದ ಮೆಂಗಾ ಅವನಿಗೆ ನಾಣ್ಯ ತೋರಿಸಿ, "ಯಾಕಪ್ಪ, ಇದ್ರ ಮೇಲಿರೋದು ದೊರೆ ಮುಖ ಅಲ್ವಾ?" ಎಂದು ಕೇಳಿದಳು.

"ಬೆಳ್ಳಿ ನೀರು ಹೋಗಿದೆ ಕಣಮ್ಮ. ಬರೀ ತಾಮ್ರ."

"ದೊರೇನ ಒಂದ್ಸಲ ಬಿಸಿನೀರಲ್ಲಿ ಉಜ್ಜಿ ನೋಡು. ಅಲ್ಲೂ ತಾಮ್ರನೇ ಬರೋದು."

ಎಲ್ಲರೂ ನಕ್ಕರು. ನನಗೆ ನಗು ಬಂದರೂ ತಲೆ ತಗ್ಗಿಸಿದೆ, ಪಕ್ಕದಲ್ಲಿ ಕಾವಲಿನವನಿದ್ದ. ಕೈಯಲ್ಲಿದ್ದ ಆರು ನಾಣ್ಯ ಕೊಟ್ಟು ಎರಡರ ರೊಟ್ಟಿ ತಂದೆ. ವಾದ ಮಾಡಬಹುದಿತ್ತು. ಬೊಲೋನ್ಯದಲ್ಲಿ ಮೂರು ವರ್ಷ ಕಾವ್ಯ ಓದಿದವನಿಗೆ ರೊಟ್ಟಿಯವನೆದುರು ಒಂದು ಮಾತು ಹೊರಡುವುದಿಲ್ಲ. ಅದಕ್ಕೇ ಈ ದಿನಚರಿ.

ಮಾರ್ಚ್ 7

ಅನಾಥಾಲಯದ ಗೋಡೆಯ ತಿರುಗುಪೆಟ್ಟಿಗೆಯಲ್ಲಿ ಇವತ್ತೊಂದು ಗಂಡುಮಗು ಬಂತು. ಹೊರಗೆ ಗಂಟೆ ಬಾರಿಸಿದ್ದು ಕೇಳಿ ಮೆಂಗಾ ಪೆಟ್ಟಿಗೆಯನ್ನು ಒಳಕ್ಕೆ ತಿರುಗಿಸಿದಳು. ಇಪ್ಪತ್ತು ವರ್ಷದಿಂದ ಅವಳ ಕೆಲಸ ಅದು. ಇಟ್ಟವರು ಯಾರೆಂದು ನೋಡುವ ಹಾಗಿಲ್ಲ. ಮಗುವಿನ ಕೊರಳಲ್ಲಿ ದಾರ, ದಾರದಲ್ಲಿ ಅರ್ಧ ಸೆಸಿನೊ. ಉಳಿದರ್ಧ ತಾಯಿಯ ಹತ್ತಿರ ಇರುತ್ತದೆ. ಮುಂದೆ ಎಂದಾದರೂ ಅವಳ ಕಾಲ ಕೂಡಿಬಂದು ಮಗುವನ್ನು ಕೇಳಲು ಬಂದರೆ ಎರಡು ಹೋಳೂ ಒಂದಕ್ಕೊಂದು ಸೇರಬೇಕು.

ನಾಣ್ಯದ ಹೋಳಿಗೆ ಸಂಖ್ಯೆಯ ಚೀಟಿ ಕಟ್ಟಿ ಗುರುತುಗಳ ಪೆಟ್ಟಿಗೆಯಲ್ಲಿಟ್ಟೆ. ದಾಖಲೆ ಪುಸ್ತಕದಲ್ಲಿ ಬರೆದೆ: "ಬಡತನದ ಬಟ್ಟೆಯಲ್ಲಿ ಸುತ್ತಿದ ನವಜಾತ ಶಿಶು, ಅರ್ಧ ನಾಣ್ಯದೊಡನೆ, ದೇವರ ಕರುಣೆಗೆ ಒಪ್ಪಿಸಲ್ಪಟ್ಟಿದೆ." ನನಗಿಂತ ಮುಂಚಿನ ಗುಮಾಸ್ತ ಪ್ರತಿ ಹೋಳನ್ನೂ ಹಾಳೆಯ ಅಂಚಿನಲ್ಲಿಟ್ಟು ಸುತ್ತ ಮಸಿಗೆರೆ ಎಳೆಯುತ್ತಿದ್ದ. ಕಂದು ಕಂಬಳಿ, ಹರಿದ ಗೋಣಿ ಎಂದೆಲ್ಲ ಬರೆಯುತ್ತಿದ್ದ. ಪುಟಗಳು ಅಡುಗೆಮನೆಯ ಗೋಡೆಯ ಹಾಗೆ ಕಾಣುತ್ತಿದ್ದವು. ನಾನು ಬಂದ ಮೇಲೆ ಅದನ್ನು ಬಿಟ್ಟೆ. ಒಂದೇ ವಾಕ್ಯ, ಚೊಕ್ಕ ವಾಕ್ಯ. ಮುಖ್ಯಸ್ಥರಾದ ಡಾನ್ ಸಿಲ್ವೆರಿಯೊ ಪಾದ್ರಿಗಳು ಮೊದಲ ವರ್ಷವೇ ಮೆಚ್ಚಿ ಹೇಳಿದ್ದರು.

ಮಾರ್ಚ್ 21

ಟಂಕಸಾಲೆಯಿಂದ ತೂಕದವನು ತದ್ದೇಯೊ ಬಂದಿದ್ದ. ಜೊತೆಗೆ ಇಬ್ಬರು ಸಿಪಾಯಿಗಳು. ಬೀದಿಯ ಪ್ರತಿ ಮನೆಗೂ ಹೋಗುತ್ತಿದ್ದಾರಂತೆ. ಡಾನ್ ಸಿಲ್ವೆರಿಯೊ ಮೊದೆನಾಗೆ ಹೋಗಿದ್ದರು. ತದ್ದೇಯೊ ಬಾಗಿಲಲ್ಲೇ ನಿಂತು ಬೇಜಾರಿನಿಂದ ಕೇಳಿದ, "ಈ ಮನೇಲಿ ತುಂಡು ನಾಣ್ಯ ಏನಾದ್ರೂ ಉಂಟಾ ಸ್ವಾಮಿ?" ಇಲ್ಲ ಎಂದಿದ್ದರೆ ಹೋಗುತ್ತಿದ್ದ. ಆಗಲೇ ಅರ್ಧ ತಿರುಗಿದ್ದ.

ನನಗೆ ಸುಳ್ಳು ಬರುವುದಿಲ್ಲ. ಚಿಕ್ಕಂದಿನಿಂದಲೂ ಹಾಗೆ, ಕಿವಿ ಕೆಂಪಾಗಿಬಿಡುತ್ತದೆ. ಮೆಂಗಾ ಹಿಂದಿನಿಂದ ನನ್ನ ಹಿಮ್ಮಡಿಗೆ ಒದೆಯುತ್ತಿದ್ದಳು. "ಇದೆ," ಎಂದೆ. ಪೆಟ್ಟಿಗೆ ತಂದುಕೊಟ್ಟೆ. ಚೀಟಿ, ದಾರ ಎಲ್ಲ ಕಿತ್ತು ನೆಲಕ್ಕೆ ಹಾಕಿ ಹೋಳುಗಳನ್ನು ಚೀಲಕ್ಕೆ ಸುರಿದುಕೊಂಡರು. ತದ್ದೇಯೊ ಒಂದು ಕ್ಷಣ ಕೈ ತಡೆದ. "ಇವು ಆ ಮಕ್ಕಳ ಗುರುತಲ್ವಾ?" ಎಂದ. ಸಿಪಾಯಿ, "ತುಂಡು ತುಂಡೇ," ಎಂದ. ನಾನು ಖಾಲಿ ಪೆಟ್ಟಿಗೆಯ ಮುಚ್ಚಳ ಹಾಕಿದೆ.

ಅವರು ಹೋದ ಮೇಲೆ ಮೆಂಗಾ ನೆಲದ ಮೇಲಿನ ಚೀಟಿಗಳನ್ನು ಗುಡಿಸಿದಳು. "ನಿನ್ ಸತ್ಯಕ್ಕಿಷ್ಟು ಬೆಂಕಿ ಹಾಕ, ಪಂಡಿತಪ್ಪ," ಎಂದಳು. ಸತ್ಯ ಹೇಳಿದ್ದಕ್ಕೆ ಬೈಸಿಕೊಂಡದ್ದು ಇದೇ ಮೊದಲು.

ಮಾರ್ಚ್ 24

ಡಾನ್ ಸಿಲ್ವೆರಿಯೊ ಬಂದರು. ನಡೆದದ್ದನ್ನು ಹೇಳಿದೆ. ಹಳೆಯ ಪುಸ್ತಕಗಳನ್ನು ತೆಗೆಸಿ ಅಂಚಿನ ಮಸಿಗೆರೆಗಳ ಮೇಲೆ ಬೆರಳಾಡಿಸಿದರು. "ಇವುಗಳಿಗೆ ಪರವಾಗಿಲ್ಲ. ತಾಯಿ ಹೋಳು ತಂದ್ರೆ ಈ ಗೆರೆ ಮೇಲೆ ಇಟ್ಟು ನೋಡ್ಬಹುದು," ಎಂದರು. ಆಮೇಲೆ ನನ್ನ ಪುಸ್ತಕ ತೆಗೆದರು. ಬಿಳಿ ಅಂಚು. ಮುಚ್ಚಿಟ್ಟು ಊಟಕ್ಕೆ ಹೋದರು.

ಏಪ್ರಿಲ್ 2

ಒಬ್ಬ ಹೆಂಗಸು ಬಂದಿದ್ದಳು. ಹೆಸರು ಓರ್ಸೊಲಾ. ರೇಷ್ಮೆಗೂಡು ಬಿಚ್ಚುವ ಕೆಲಸದವಳು, ಕುದಿನೀರಿನಿಂದ ಬೆರಳುಗಳೆಲ್ಲ ಬೆಂದು ಬಿಳಿಚಿವೆ. ಕೊರಳಿನಿಂದ ಅರ್ಧ ಸೆಸಿನೊ ಬಿಚ್ಚಿ ಮೇಜಿನ ಮೇಲಿಟ್ಟಳು.

"ಇದ್ರ ಜೋಡಿ ನಿಮ್ಮತ್ರ ಇದೆ ಸ್ವಾಮಿ. ತನ್ನಿ. ಹಾಗೇ ಮಗಳನ್ನೂ ತನ್ನಿ. ಅವಳಪ್ಪ ಹೊರಗೆ ನಿಂತವ್ನೆ, ಒಳಗೆ ಬರಕ್ಕೆ ನಾಚ್ಕೆಯಂತೆ. ಮಗು ಮಾಡೋವಾಗ ಎಲ್ಲಿತ್ತೋ ಆ ನಾಚ್ಕೆ."

ಕಿಟಕಿಯಿಂದ ಕಂಡ. ದೋಣಿಯವನು, ಬಿಯಾಜೊ ಎಂದು. ದೊಡ್ಡ ಆಳು, ಟೋಪಿ ಹಿಂಡುತ್ತ ನಿಂತಿದ್ದ. ಈ ಚಳಿಗಾಲದಲ್ಲಿ ಮದುವೆಯಾದರಂತೆ.

ಯಾವಾಗ ತಂದು ಇಟ್ಟದ್ದು ಎಂದು ಕೇಳಿದೆ.

"ಎರಡೂವರೆ ವರ್ಷ ಆಯ್ತು. ಸಂತ ಮಾರ್ತಿನೊ ಹಬ್ಬದ ವಾರ. ಯಾವ ದಿನ ಅಂತ ಕೇಳ್ಬೇಡಿ, ಜ್ವರದಲ್ಲಿ ಬಿದ್ದಿದ್ದೆ. ನಮ್ಮಕ್ಕ ತಂದಿಟ್ಟಿದ್ದು. ಅವಳೂ ಈಗಿಲ್ಲ."

ಪೆಟ್ಟಿಗೆ ಟಂಕಸಾಲೆಗೆ ಹೋಯಿತೆಂದು ಹೇಳಿದೆ. ತಮಾಷೆ ಎಂದುಕೊಂಡು ನಕ್ಕಳು. ನನ್ನ ಮುಖ ನೋಡಿ ನಿಲ್ಲಿಸಿದಳು.

"ನಾನೇನು ನಿಮ್ಗೆ ದುಡ್ಡು ಕೊಟ್ಟಿದ್ನಾ? ಗುರುತು ಕೊಟ್ಟಿದ್ದು ಕಣ್ರೀ."

ಡಾನ್ ಸಿಲ್ವೆರಿಯೊ ಅವಳಿಗೆ ಮೆಲ್ಲಗೆ ತಿಳಿಸಿ ಹೇಳಿದರು. ಎರಡು ಹೋಳೂ ತಮ್ಮ ಕಣ್ಣೆದುರು ಸೇರದೆ ಮಗುವನ್ನು ಕೊಡುವುದಿಲ್ಲ. ಭಿಕ್ಷೆ ಎತ್ತಿಸಲು, ಹಂದಿ ಕಾಯಿಸಲು ಮಕ್ಕಳನ್ನು ತಮ್ಮದೆಂದು ಕೇಳಿಕೊಂಡು ಬರುವವರಿದ್ದಾರೆ. "ನಿನ್ನನ್ನ ಹಾಗೆ ಅಂತಿಲ್ಲ ಮಗಳೇ. ನಿಯಮ ಅಂದ್ರೆ ಎಲ್ಲಾರ್ಗೂ ಒಂದೇ."

"ನಿಯಮದ ಪ್ರಕಾರ ನನ್ನ ಹೋಳು ನಾನು ಕಳೀಲಿಲ್ಲ, ಪಾದ್ರಿಗಳೇ," ಎಂದಳು ಅವಳು.

ಏಪ್ರಿಲ್ 3

ಪುಸ್ತಕ ನೋಡಿದೆ. 1669ರ ಸಂತ ಮಾರ್ತಿನೊ ವಾರದಲ್ಲಿ ಅರ್ಧ ಸೆಸಿನೊ ಕಟ್ಟಿಕೊಂಡು ಬಂದ ಹೆಣ್ಣುಮಕ್ಕಳು ಮೂರು. ನವೆಂಬರ್ 9ರಂದು ಬಂದವಳು ಅಪೊಲ್ಲೋನಿಯಾ. 10ರಂದು ಲಿಬೆರಾತಾ. 13ರಂದು ತೆಯೊದೋರಾ. ಮೂವರಿಗೂ ಅದೇ ಚೊಕ್ಕ ವಾಕ್ಯ ಬರೆದಿದ್ದೇನೆ.

ಮೆಂಗಾಳನ್ನು ಕೇಳಿದೆ. "ಒಂದು ಕಂದು ಕಂಬಳೀಲಿ ಬಂತು, ಒಂದು ಹಳೇ ಸೆರಗಲ್ಲಿ. ಯಾವ್ದು ಯಾವ್ದೋ. ವರ್ಷಕ್ಕೆ ಎಂಬತ್ತು ಮಕ್ಕಳನ್ನ ತಿರುಗಿಸ್ತೀನಿ ನಾನು. ನೆನಪಿಡಕ್ಕೇ ಅಲ್ವಾ ನಿನ್ನ ಇಟ್ಟಿರೋದು?"

ಅಪೊಲ್ಲೋನಿಯಾ ದಡಾರದಲ್ಲಿ ಹನ್ನೊಂದು ದಿನ ನರಳಿ ಹೋದ ವರ್ಷ ತೀರಿಕೊಂಡಳು. ತೆಯೊದೋರಾ ಎರಡು ತಿಂಗಳೂ ಬದುಕಲಿಲ್ಲ. ಲಿಬೆರಾತಾ ಮಾತ್ರ ಇದ್ದಾಳೆ, ಹೊಳೆಯಾಚೆಯ ಹಳ್ಳಿಯಲ್ಲಿ, ಹಾಲೂಡಿಸಿ ಸಾಕಿದವಳ ಮನೆಯಲ್ಲಿ.

ಇದನ್ನು ಓರ್ಸೊಲಾಗೆ ಹೇಳಬೇಕು. ನಾಳೆ ಹೇಳುತ್ತೇನೆ.

ಏಪ್ರಿಲ್ 5

ಹೇಳಲಿಲ್ಲ. ಬೆಳಿಗ್ಗೆ ಬಂದವಳೇ, "ಟಂಕಸಾಲೆಗೆ ಹೋಗಣ ನಡೀರಿ. ಇನ್ನೂ ಕರಗಿಸಿರ್ಲಿಕ್ಕಿಲ್ಲ," ಎಂದಳು. ಅದು ನನಗೆ ಹೊಳೆದೇ ಇರಲಿಲ್ಲ. ಹೋದೆವು.

ನಿಜಕ್ಕೂ ಕರಗಿಸಿರಲಿಲ್ಲ. ಅಂಗಳದ ಮೂಲೆಯಲ್ಲಿ ಊರಿನ ತುಂಡು ನಾಣ್ಯವೆಲ್ಲ ಒಂದೇ ರಾಶಿ, ನನ್ನ ಸೊಂಟದೆತ್ತರ. ತದ್ದೇಯೊ ತಲೆ ಕೆರೆದುಕೊಂಡ. "ಹುಡುಕ್ಕೊಳ್ಳಿ. ನಾಳೆ ಸಂಜೆ ಮೂಸೆಗೆ ಹಾಕ್ತೀವಿ. ಅಲ್ಲೀವರ್ಗೂ ರಾಶಿ ನಿಮ್ದೇ."

ಓರ್ಸೊಲಾ ತನ್ನ ಹೋಳನ್ನು ನೋಡಿ ಲೆಕ್ಕ ಹಾಕಿದಳು. ದೊರೆಯ ಮೂಗು, ಬಾಯಿ ಅವಳ ಹೋಳಿನಲ್ಲಿವೆ. "ಹಾಗಾದ್ರೆ ನಮ್ಗೆ ಕಿವಿ ಬೇಕು. ಕಿವಿ ಇರೋದನ್ನೆಲ್ಲ ಈ ಕಡೆ ಹಾಕಿ." ನೆಲದ ಮೇಲೆ ಕುಳಿತು ಆರಿಸಿದೆವು. ಕುಲುಮೆಯ ಹುಡುಗರು ಅವಳನ್ನು ಕೆಣಕಿದರು: "ಏನಕ್ಕಾ, ಗಂಡನ್ನ ಹುಡುಕ್ತಿದೀಯಾ?"

"ಗಂಡ ಸಿಕ್ಕವ್ನೆ. ಅವನಿಗೆ ಬುದ್ಧಿ ಹುಡುಕ್ತಿದೀನಿ. ಕಂಡ್ರೆ ಕೊಡ್ರೋ."

ಮಧ್ಯಾಹ್ನದ ಹೊತ್ತಿಗೆ ದೊರೆಯ ಕಿವಿಗಳದೇ ಒಂದು ಗುಡ್ಡೆಯಾಯಿತು. ಒಂದೊಂದನ್ನೂ ತನ್ನ ಹೋಳಿಗೆ ಹಿಡಿದು ನೋಡುವಳು, ಬಿಡುವಳು. ಒಂದು ಬಹುಮಟ್ಟಿಗೆ ಕೂಡಿತು. ಕತ್ತರಿಸಿದ ಅಂಚಿನ ಒಂದು ಹಲ್ಲಿನಲ್ಲಿ ಮಾತ್ರ ಕೂದಲೆಳೆಯಷ್ಟು ಸಂದಿ. ತಿರುಗಿಸಿ ನೋಡಿದಳು, ಒತ್ತಿ ನೋಡಿದಳು, ಉಗುಳು ಹಚ್ಚಿ ಒರೆಸಿ ನೋಡಿದಳು. ಕೂಡಿತು ಅನ್ನಲಿ ಎಂದು ನಾನು ಕಾಯುತ್ತಿದ್ದೆ. ಅವಳು ಅದನ್ನು ಮೆಲ್ಲನೆ ಪಕ್ಕಕ್ಕಿಟ್ಟಳು. "ಇದು ಬೇರೆಯವ್ಳ ಮಗು," ಎಂದಳು.

ಏಪ್ರಿಲ್ 6

ಸಿಗಲಿಲ್ಲ. ಸಂಜೆ ಪ್ರಾರ್ಥನೆಯ ಗಂಟೆಯಾದ ಮೇಲೂ ತದ್ದೇಯೊ ಇನ್ನೊಂದು ಗಂಟೆ ಕಾದ. ಆಮೇಲೆ ಅವನೇ ಸಲಿಕೆ ಹಿಡಿದು, "ಏಳಮ್ಮ ತಾಯಿ," ಎಂದ. ಅವಳು ಎದ್ದು ಸೆರಗು ಕೊಡವಿದಳು. ಮಡಿಲಿನಿಂದ ಎರಡು ಕಿವಿ ಉದುರಿದವು. ಹೆಕ್ಕಿ ಅವಳೇ ರಾಶಿಗೆ ಹಾಕಿದಳು.

ದಾರಿಯಲ್ಲಿ ಸೇತುವೆಯ ಹತ್ತಿರ ನಿಂತು ಕೇಳಿದಳು, "ಹೋಗ್ಲಿ ಬಿಡಿ. ಅವಳು ಬದುಕವ್ಳೆ ತಾನೆ? ಅದೊಂದು ಹೇಳಿ."

"ಹೌದು," ಎಂದೆ.

"ಹೆಸ್ರು?"

"ಲಿಬೆರಾತಾ."

ಅವಳು ನನ್ನ ಕೈ ಹಿಡಿದುಕೊಂಡು ಸೇತುವೆಯ ಮೇಲೇ ಅತ್ತಳು.

ಏಪ್ರಿಲ್ 7

ಏನು ಬರೆಯಲಿ.

ಏಪ್ರಿಲ್ 12

ಪುಸ್ತಕದೊಡನೆ ಹೋಲಿಸಿ ನೋಡಬೇಕು ಎಂದು ಓರ್ಸೊಲಾಳ ಹೋಳನ್ನು ಕೇಳಿ ಪಡೆದೆ. ಕರವಸ್ತ್ರದಲ್ಲಿ ಸುತ್ತಿ, ನನ್ನಿಂದ ಆಣೆ ಹಾಕಿಸಿಕೊಂಡು ಕೊಟ್ಟಳು. ಅದೇ ಅಚ್ಚಿನ ಹಳೆಯ ಸೆಸಿನೊ ನಾಲ್ಕು ಹೊಂದಿಸಿಕೊಂಡು ತದ್ದೇಯೊ ಹತ್ತಿರ ಹೋದೆ. ಕತ್ತರಿ ಬೇಕು, ಅರ ಬೇಕು ಎಂದೆ. ಅವನು ನಾಣ್ಯ ನೋಡಿದ, ಹೋಳು ನೋಡಿದ.

"ಪಂಡಿತ್ರೇ, ಇದು ಕೈ ಕಳ್ಕೊಳ್ಳೋ ಕೆಲ್ಸ."

"ಗೊತ್ತು."

"ನನ್ಗೆ ಊಟದ ಹೊತ್ತಲ್ಲಿ ಕಣ್ಣೂ ಕಾಣ್ಸಲ್ಲ, ಕಿವೀನೂ ಕೇಳ್ಸಲ್ಲ," ಎಂದು ಹೇಳಿ ಕತ್ತರಿಯನ್ನು ಕಟ್ಟೆಯ ಮೇಲೆ ಬಿಟ್ಟು ಹೋದ.

ಹೋಳನ್ನು ನಾಣ್ಯದ ಮೇಲಿಟ್ಟು ಸೂಜಿಯಿಂದ ಗೆರೆ ಎಳೆದು ಕತ್ತರಿಸಿದೆ. ಮೂರು ಹಾಳಾದವು. ನಾಲ್ಕನೆಯದು ಸೇರಿತು. ವಿನೆಗರ್‌ನಲ್ಲಿ ನೆನೆಸಿ, ದೀಪದ ಮಸಿ ಉಜ್ಜಿ, ಚೀಟಿಗೆ ಲಿಬೆರಾತಾಳ ಸಂಖ್ಯೆ ಬರೆದು ಕಟ್ಟಿದೆ. ನನ್ನ ಕೈಯಲ್ಲಿ ಇಂಥ ಕಸುಬು ಇದೆಯೆಂದು ಗೊತ್ತಿರಲಿಲ್ಲ.

ಬದುಕಿರುವ ಮಗು ಒಂದೇ. ಅದನ್ನು ಬೇಕೆನ್ನುವ ತಾಯಿ ಬಂದಿದ್ದಾಳೆ. ಇನ್ನು ಇದರಲ್ಲಿ ತಪ್ಪುವುದೇನು?

ಏಪ್ರಿಲ್ 15

ಡಾನ್ ಸಿಲ್ವೆರಿಯೊ ಎರಡು ಹೋಳನ್ನೂ ಮೇಜಿನ ಮೇಲೆ ಕೂಡಿಸಿದರು. ಓರ್ಸೊಲಾ ಎದುರಿಗೆ ನಿಂತಿದ್ದಳು.

"ಚೆನ್ನಾಗಿ ಸೇರ್ತಾವೆ," ಎಂದರು. ಒಂದೊಂದನ್ನೂ ಬೆರಳಿಂದ ಸವರಿ, "ಒಂದು ಎರಡೂವರೆ ವರ್ಷ ಎದೆ ಮೇಲೆ ಸವೆದದ್ದು. ಇನ್ನೊಂದು ಪೆಟ್ಟಿಗೇಲಿ ಮಲಗಿದ್ದು. ಆದ್ರೂ ಎಷ್ಟು ಚೆನ್ನಾಗಿ ಸೇರ್ತಾವೆ. ಎಲ್ಲಿ ಸಿಕ್ತು ಮಗೂ?"

"ಪೆಟ್ಟಿಗೆಯ ತಳದ ಬಿರುಕಿನಲ್ಲಿ. ಅವರು ಸುರಿಯುವಾಗ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು."

ಅವರು ನನ್ನ ಕಿವಿಯ ಕಡೆ ನೋಡಿದರು. ಆಮೇಲೆ ರುಜು ಹಾಕಿದರು. ಕೋಣೆ ಬಹಳ ತಣ್ಣಗಿತ್ತು. ಏಪ್ರಿಲ್ ಆದರೂ ಇನ್ನೂ ಬೆಂಕಿ ಹಾಕಬೇಕು.

ಏಪ್ರಿಲ್ 19

ಲಿಬೆರಾತಾಳನ್ನು ಕರೆತಂದರು. ಸಾಕಿದವಳ ಕೊರಳು ಬಿಡದೆ ಊರು ಕೇಳುವ ಹಾಗೆ ಕಿರುಚಿತು. ಓರ್ಸೊಲಾ ಮುಟ್ಟಲಿಲ್ಲ. ಸ್ವಲ್ಪ ದೂರದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಸುಮ್ಮನೆ ನೋಡಿದಳು. ಕೊನೆಗೆ ಬಿಯಾಜೊ ಕೈ ಬಾಯಿಗಿಟ್ಟು ಕಾಡುಬಾತಿನ ಹಾಗೆ ಕೂಗಿದ. ಮಗು ಅಳು ನಿಲ್ಲಿಸಿತು. ಇನ್ನೊಮ್ಮೆ ಕೂಗಿದ. ನಕ್ಕಿತು.

"ಮೂಗು ನೋಡಿ, ಅಪ್ಪಂದೇ," ಎಂದಳು ಓರ್ಸೊಲಾ. ಎಲ್ಲರೂ ನೋಡಿದೆವು. ನನಗೂ ಹಾಗೆಯೇ ಕಂಡಿತು.

ಮೆಂಗಾ, "ಕಣ್ಣಿಗೆ ಹೊಗೆ ಹೋಯ್ತು," ಎಂದಳು. ಒಲೆ ಹಚ್ಚಿರಲಿಲ್ಲ.

ಮೇ 8

ಈಗ ಪ್ರತಿ ಹೋಳಿಗೂ ಗೆರೆ ಎಳೆಯುತ್ತೇನೆ, ಬಟ್ಟೆಯ ಬಣ್ಣ ಬರೆಯುತ್ತೇನೆ. ಪುಟಗಳು ಕೊಳಕಾಗಿವೆ. ಸಂತ ಮಾರ್ಕನ ಹಬ್ಬ ಮುಗಿದು ಎರಡು ವಾರವಾದರೂ ಮಕ್ಕಳು ಹಳೆಯ ನಾಣ್ಯದ ಹೋಳು ಕಟ್ಟಿಕೊಂಡೇ ಬರುತ್ತಿವೆ. ಹೊಸದನ್ನು ಕತ್ತರಿಸಲು ಯಾರಿಗೆ ಮನಸ್ಸು ಬಂದೀತು, ಅದರಿಂದ ರೊಟ್ಟಿ ಸಿಗುತ್ತದೆ.

ಇವತ್ತು ಸಿಪಾಯಿಗಳು ಮತ್ತೆ ಬಂದಿದ್ದರು. ತುಂಡು ನಾಣ್ಯ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಹೋದರು. ಮೆಂಗಾ ನನ್ನನ್ನೇ ನೋಡುತ್ತಿದ್ದಳು. "ಕಲ್ತುಬಿಟ್ಟೆಯಲ್ಲ ಪಂಡಿತಪ್ಪ," ಎಂದಳು. ಏನು ಕಲಿತೆನೆಂದು ಹೇಳಲಿಲ್ಲ.

ಮೇ 30

ಓರ್ಸೊಲಾ ಹೊಳೆಮೀನು ಕಳಿಸಿದ್ದಳು. ಲಿಬೆರಾತಾ ಈಗ ಅಮ್ಮ ಎನ್ನುತ್ತಾಳಂತೆ.

ಜೂನ್ 14

ಗುಡ್ಡದ ಕಡೆಯಿಂದ ಒಬ್ಬ ಹೆಂಗಸು ಬಂದಳು. ಪಾಸ್ಕ್ವಾ ಎಂದು ಹೆಸರು ಹೇಳಿದಳು. ಮೂರು ದಿನ ನಡೆದು ಬಂದದ್ದು. ಎಡಗಾಲಿಗೆ ಚಿಂದಿ ಸುತ್ತಿತ್ತು, ಊರುಗೋಲು ಹಿಡಿದಿದ್ದಳು. ಹೊಸ್ತಿಲು ದಾಟುವುದೋ ಬೇಡವೋ ಎಂದು ನಿಂತವಳನ್ನು ನಾನೇ ಒಳಗೆ ಕರೆದು ಕೂರಿಸಿದೆ. ಅರ್ಧ ಸೆಸಿನೊ ತೆಗೆದಳು.

"ಗಂಡ ಸತ್ತ ವರ್ಷ ಬುದ್ಧಿ, ಎರಡೂವರೆ ವರ್ಷದ ಹಿಂದೆ. ಸಾಕಕ್ಕೆ ಆಗ್ಲಿಲ್ಲ. ಈಗ ನಮ್ಮಣ್ಣ ಕರ್ಕೊಂಬಾ ಅಂದವ್ನೆ. ಒಂದು ಮೇಕೆ ಐತೆ, ಹಾಲೈತೆ."

ಯಾವ ದಿನ ಇಟ್ಟಿರಿ ಎಂದು ಕೇಳಿದೆ.

"ಸಂತ ಮಾರ್ತಿನೊ ಹಬ್ಬದ ಹಿಂದಿನ ದಿನ. ಮರೆಯೋ ಹಂಗೇ ಇಲ್ಲ. ಬೀದಿ ತುಂಬ ಹಬ್ಬಕ್ಕೆ ಪೀಪಾಯಿ ಉರುಳಿಸ್ತಿದ್ರು. ಜಾಗ ಬಿಡಮ್ಮ ಜಾಗ ಬಿಡಮ್ಮ ಅಂತ. ಮಗೂನ ಎತ್ಕೊಂಡು ಗೋಡೆಗೆ ಒತ್ಕೊಂಡು ನಿಂತಿದ್ದೆ."

ಪುಸ್ತಕ ತೆಗೆದೆ. ಹಬ್ಬ ಹನ್ನೊಂದರಂದು. ಹತ್ತನೆಯ ತಾರೀಖಿನಲ್ಲಿ ಒಂದೇ ಹೆಸರಿದೆ, ಲಿಬೆರಾತಾ. ಹಾಳೆಯ ಮೇಲೆ ನನ್ನ ಕೈ ಇತ್ತು. ಓರ್ಸೊಲಾಳ ಮನೆ ಇಲ್ಲಿಂದ ನೂರು ಹೆಜ್ಜೆ, ಸೇತುವೆಯ ಕೆಳಗೆ. ಬಿಯಾಜೊ ಬಾತಿನ ಹಾಗೆ ಕೂಗುವುದು ಗಾಳಿ ಈ ಕಡೆ ಬೀಸಿದರೆ ಇಲ್ಲಿಗೂ ಕೇಳುತ್ತದೆ.

"ಮಗು ತೀರಿಕೊಂಡಿತು ತಾಯಿ," ಎಂದೆ.

ಅವಳು ಊರುಗೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡಳು. "ಯಾವತ್ತು?" ಎಂದಳು.

ಆ ವಾರದವರಲ್ಲಿ ತೀರಿಕೊಂಡವರು ಇಬ್ಬರಿದ್ದರು. ಹನ್ನೊಂದು ದಿನ ನರಳಿದ ಸಾಲನ್ನು ದಾಟಿ ಇನ್ನೊಬ್ಬಳ ಸಾಲು ಓದಿದೆ. "ಎರಡು ವರ್ಷದ ಹಿಂದೆ ಜನವರಿಯಲ್ಲಿ. ಮೂರು ರಾಜರ ಹಬ್ಬ ಕಳೆದು ಮೂರನೇ ದಿನ. ನಿದ್ದೆಯಲ್ಲೇ ಹೋಯಿತು. ನೋವು ಪಡಲಿಲ್ಲ."

ಬೆರಳು ಮಡಚಿ ಎಣಿಸಿದಳು. "ಮೂರು ರಾಜರು ಕಳೆದು ಮೂರನೇ ದಿನ... ಆವತ್ತು ನಮ್ಮಣ್ಣನ ಮನೇಲಿ ಹಂದಿ ಕೊಯ್ದಿದ್ರು. ನಾನು ಆವತ್ತು ಬಾಳ ನಕ್ಕಿದ್ದೆ ಬುದ್ಧಿ. ಯಾತಕ್ಕೆ ನಕ್ಕೆ ಅಂತ ನೆಪ್ಪಿಲ್ಲ. ಬಾಳ ನಕ್ಕಿದ್ದೆ."

ಮಗುವಿಗೆ ಏನು ಹೆಸರಿಟ್ಟಿದ್ದಿರಿ ಎಂದು ಕೇಳಿದಳು. ತೆಯೊದೋರಾ ಎಂದೆ. ಎರಡು ಸಲ ಹೇಳಿಕೊಂಡಳು. ಹೋಳನ್ನು ಮತ್ತೆ ಕೊರಳಿಗೆ ಕಟ್ಟಿಕೊಂಡಳು. ಕತ್ತರಿಸಿದ ನಾಣ್ಯ ಇಟ್ಟುಕೊಂಡರೆ ಶಿಕ್ಷೆ ಇದೆ ಎಂದು ಎಚ್ಚರಿಸಬೇಕಿತ್ತು, ಎಚ್ಚರಿಸಲಿಲ್ಲ. ಆಮೇಲೆ ಸೆರಗಿನ ಗಂಟು ಬಿಚ್ಚಿ ಎಂಟು ಹಳೆಯ ಸೆಸಿನೊ ಮೇಜಿನ ಮೇಲಿಟ್ಟಳು.

"ಮಗೀಗೆ ಕಾಲಿಗೆ ಜೋಡು ತಗಳಣ ಅಂತ ತಂದಿದ್ದೆ. ಅದ್ರ ಆತ್ಮಕ್ಕೆ ಶಾಂತಿ ಸಿಗ್ಲಿ ಅಂತ ಅದ್ರ ಹೆಸರಲ್ಲಿ ಚರ್ಚಲ್ಲಿ ಒಂದು ಬಲಿಪೂಜೆ ಮಾಡ್ಸಿ. ದಾರೀಲಿ ರೊಟ್ಟಿಯವ್ನು ಈ ದುಡ್ಡನ್ನ ಮುಖಕ್ಕೆ ಎಸೆದ. ನಡೀತದಾ ಇದು?"

"ನಡೆಯುತ್ತದೆ ತಾಯಿ," ಎಂದೆ.

ಇವತ್ತು ದೋಣಿಗಟ್ಟೆಯ ಗುಡಿಸಲಿನಲ್ಲಿ ಮಲಗಿ ಬೆಳಿಗ್ಗೆ ಹೊರಡುತ್ತೇನೆ ಎಂದು ಹೇಳಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು. ಮೆಂಗಾ ಒಳಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

ಜೂನ್ 15

ಬೆಳಗಿನ ಬಲಿಪೂಜೆ ತೆಯೊದೋರಾಳ ಹೆಸರಿನಲ್ಲಿ ಆಯಿತು. ಹೊಸ ನಾಣ್ಯ ನನ್ನದೇ ಕೊಟ್ಟೆ. ಆ ಮಗುವಿಗೂ ಯಾರಾದರೂ ಮಾಡಿಸಬೇಕಿತ್ತು, ಆದಂತಾಯಿತು. ನಾನು ಮತ್ತು ಮೆಂಗಾ ಇಬ್ಬರೇ ಇದ್ದೆವು. ಅವಳು ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.

ಹೊರಗೆ ಬಂದ ಮೇಲೆ ಕೇಳಿದಳು, "ಆ ಗುಡ್ಡದ ಹೆಂಗ್ಸು ಎಷ್ಟು ದೂರ ಹೋಗಿರ್ತಾಳೆ ಈಗ?"

"ಹೊಳೆ ದಾಟಿರುತ್ತಾಳೆ," ಎಂದೆ.

"ನನ್ಗೆ ಓಡಕ್ಕಾಗಲ್ಲ. ನೀನು ಓಡಿದ್ರೆ ಸಿಗ್ತಾಳಾ ಫ್ಲಾಮಿನಿಯೊ?"

ಮೆಂಗಾ ನನ್ನನ್ನು ಹೆಸರು ಹಿಡಿದು ಕರೆದದ್ದು ಇದೇ ಮೊದಲು.

"ಇಲ್ಲ, ಸಿಗಲ್ಲ," ಎಂದೆ.

ಕಚೇರಿಗೆ ಬಂದು ಕುಳಿತೆ. ಹತ್ತು ಗಂಟೆಗೆ ಒಂದು ಹೆಣ್ಣುಮಗು ಬಂತು, ಹಸಿರು ಬಟ್ಟೆಯಲ್ಲಿ. ಬರೆದುಕೊಂಡೆ.